ಕೈದಿಯಾಗಿ ಹೋದವಳು ನೋಟಿನ ಮೇಲೆ ಬಂದಳು

ಆಸ್ಟ್ರೇಲಿಯಾ ದೇಶದ 20 ಡಾಲರ್ ನೋಟಿನ ಮೇಲೆ ಒಬ್ಬ ಅಜ್ಜಿಯ ಚಿತ್ರ ಇದೆ. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ. ನೋಡಿದರೆ ದೊಡ್ಡ ಮನೆತನದವಳು ಅನ್ನಿಸುತ್ತದೆ. ಆದರೆ ಈಕೆ ಆ ದೇಶಕ್ಕೆ ಬಂದದ್ದು ಕೈದಿಯಾಗಿ! ಇವಳೇ ಮೇರಿ ರೀಬಿ.

ಮೇರಿ 1777ರ ಮೇ 12ರಂದು ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು. ಅಜ್ಜಿ ಸಾಕಿದಳು. ಮನೆಗೆಲಸಕ್ಕೆ ಸೇರಿಸಿದ ಕಡೆಯಿಂದ ಮೇರಿ ಓಡಿಹೋದಳು. ಗಂಡು ಹುಡುಗನ ಬಟ್ಟೆ ಹಾಕಿಕೊಂಡು, ಜೇಮ್ಸ್ ಬರೋ ಅಂತ ಹೆಸರು ಹೇಳಿಕೊಂಡು ತಿರುಗುತ್ತಿದ್ದಾಗ ಕುದುರೆ ಕದ್ದಳೆಂದು ಸಿಕ್ಕಿಬಿದ್ದಳು. ಆಗ ಅವಳ ವಯಸ್ಸು 13-14. ಅಂದರೆ ನಮ್ಮ 8ನೇ ಕ್ಲಾಸಿನವರಷ್ಟು! ಅವಳಿಗೆ ಏಳು ವರ್ಷ ಗಡಿಪಾರು ಶಿಕ್ಷೆಯಾಯಿತು.

ಆಗ ಬ್ರಿಟನ್ನಿನ ಜೈಲುಗಳು ತುಂಬಿಹೋಗಿದ್ದವು. ಮೊದಲು ಕೈದಿಗಳನ್ನು ಅಮೆರಿಕಕ್ಕೆ ಸಾಗಿಸುತ್ತಿದ್ದರು. ಅಮೆರಿಕ ಸ್ವತಂತ್ರವಾದ ಮೇಲೆ ಆ ದಾರಿ ಮುಚ್ಚಿತು. ಹೀಗಾಗಿ 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸುಮಾರು 1,62,000 ಕೈದಿಗಳನ್ನು ಸಾಗಿಸಿದರು. ಅವರಲ್ಲಿ ಹೆಂಗಸರೇ ಸುಮಾರು 25,000. ಎಷ್ಟೋ ಜನ ಮಾಡಿದ್ದು ಸಣ್ಣಪುಟ್ಟ ಕಳ್ಳತನ ಅಷ್ಟೆ. ನಮ್ಮವರನ್ನು ಇದೇ ಬ್ರಿಟಿಷರು ಅಂಡಮಾನಿಗೆ ಕಳಿಸಿದ್ದನ್ನು ಕರಿನೀರಿನ ಶಿಕ್ಷೆ ಅಂತೀವಲ್ಲ, ಇದೂ ಅಂಥದ್ದೇ. ಶಿಕ್ಷೆ ಮುಗಿದರೂ ವಾಪಸು ಬರಲು ದುಡ್ಡಿರುತ್ತಿರಲಿಲ್ಲ. ಹೆಚ್ಚಿನ ಹೆಂಗಸರು ತಮ್ಮ ಊರಿನ ಮುಖವನ್ನು ಮತ್ತೆ ನೋಡಲೇ ಇಲ್ಲ.

1792ರ ಅಕ್ಟೋಬರಿನಲ್ಲಿ ಮೇರಿ ಇದ್ದ ಹಡಗು ಸಿಡ್ನಿ ಮುಟ್ಟಿತು. ಅಲ್ಲಿ ಒಬ್ಬ ಅಧಿಕಾರಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನು ಹಾಕಿದರು. 1794ರಲ್ಲಿ ಥಾಮಸ್ ರೀಬಿ ಎಂಬುವನ ಜೊತೆ ಮದುವೆಯಾಯಿತು. ಇಬ್ಬರೂ ಹಾಕ್ಸ್‌ಬರಿ ನದಿಯ ದಡದಲ್ಲಿ ಬೇಸಾಯ ಮಾಡಿದರು, ಆಮೇಲೆ ಹಡಗಿನ ವ್ಯಾಪಾರಕ್ಕೆ ಇಳಿದರು. ಆ ನೆಲ ಮೊದಲಿಂದ ಅಲ್ಲಿನ ಮೂಲನಿವಾಸಿಗಳದ್ದು. ಬ್ರಿಟಿಷರು ಅದನ್ನು ಕಿತ್ತುಕೊಂಡು ತಮ್ಮವರಿಗೆ ಹಂಚಿದ್ದರು ಎಂಬುದನ್ನೂ ನಾವು ಮರೆಯಬಾರದು.

1811ರಲ್ಲಿ ಗಂಡ ತೀರಿಕೊಂಡ. ಮಡಿಲಲ್ಲಿ ಏಳು ಮಕ್ಕಳು. ಮೇರಿ ಕೈಚೆಲ್ಲಿ ಕೂರಲಿಲ್ಲ. ವ್ಯಾಪಾರವನ್ನು ತಾನೇ ನಡೆಸಿದಳು. 1812ರಲ್ಲಿ ಹೊಸ ಮಳಿಗೆ ತೆರೆದಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಶುರುವಾದದ್ದು ಆಕೆಯ ಕಟ್ಟಡದಲ್ಲೇ! 1825ರಲ್ಲಿ ಒಂದು ಶಾಲೆಯ ಆಡಳಿತ ಮಂಡಳಿಗೂ ಸೇರಿದಳು.

ಆದರೂ ಒಂದು ನೋವು ಹೋಗಲಿಲ್ಲ. 1820ರಲ್ಲಿ ಆಕೆ ಹೆಣ್ಣುಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋಗಿ ಮರುವರ್ಷ ವಾಪಸು ಬಂದಿದ್ದಳು. 1828ರ ಜನಗಣತಿಯಲ್ಲಿ, ತಾನು 1821ರಲ್ಲಿ ಸ್ವತಂತ್ರಳಾಗಿ ಬಂದವಳು ಎಂದು ಬರೆಸಿದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1792ರ ಮಾತನ್ನೇ ಎತ್ತಲಿಲ್ಲ. ಅಷ್ಟು ಹಣ, ಅಷ್ಟು ಮರ್ಯಾದೆ ಇದ್ದರೂ ಕೈದಿ ಎಂಬ ಹೆಸರಿಗೆ ಹೆದರಬೇಕಾಗಿತ್ತು.

ಮೇರಿ 1855ರ ಮೇ 30ರಂದು ತೀರಿಕೊಂಡಳು. 1994ರಲ್ಲಿ ಅವಳ ಚಿತ್ರ ನೋಟಿನ ಮೇಲೆ ಬಂತು. ಅವಳು ಮುಚ್ಚಿಟ್ಟ ಕಥೆಯನ್ನು ಈಗ ಆ ದೇಶವೇ ಹೆಮ್ಮೆಯಿಂದ ಹೇಳುತ್ತದೆ.

ನಮ್ಮಲ್ಲಿ ಯಾರಾದರೂ ಒಂದು ಸಲ ತಪ್ಪು ಮಾಡಿದರೆ, ಅವರಿಗೆ ಕಳ್ಳ ಕಳ್ಳಿ ಅಂತ ಹೆಸರಿಡುವ ಮೊದಲು ಮೇರಿಯನ್ನು ನೆನೆಯೋಣ, ಅಲ್ವಾ?