ಜ್ಞಾನವನ್ನು ದುಡಿಮೆಗೆ ಬೆಸೆದ ದಿವಾನರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಆದರೆ ಅವರ ಹೆಸರಿನಲ್ಲಿರುವ ಊರು ಅಂದಿನ ಕರ್ನೂಲು ಜಿಲ್ಲೆಗೆ ಸೇರಿದ್ದು. ಪೂರ್ವಿಕರು ಅಲ್ಲಿಂದ ಮೈಸೂರು ಸೀಮೆಗೆ ವಲಸೆ ಹೋದವರು. ಆದವಾನಿಯ ಸೀಮೆಯವರಾದ ನಮಗೆ ಅವರ ಚರಿತ್ರೆ ಪರಕೀಯವಲ್ಲ.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಪದವಿ ಪಡೆದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಟ್ಟವು. ಅದಕ್ಕೂ ಮುನ್ನ, 1898ರಲ್ಲಿ, ಅವರು ಜಪಾನನ್ನು ಕಂಡು ಬಂದಿದ್ದರು. ಹಿಂದುಳಿದಿದ್ದ ದೇಶವೊಂದು ಶಾಲೆ, ಕಾರ್ಖಾನೆ, ಸರ್ಕಾರಗಳನ್ನು ಒಂದೇ ನೊಗಕ್ಕೆ ಹೂಡಿ ಮುಂದೆ ಬಂದ ಬಗೆ ಅವರ ಮನಸ್ಸಿನಲ್ಲಿ ನೆಲೆಯೂರಿತು.

1912ರಲ್ಲಿ ದಿವಾನರಾದಾಗ ಆ ಪಾಠವನ್ನು ಮೈಸೂರಿನಲ್ಲಿ ಪ್ರಯೋಗಿಸಿದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು. ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುಹೋದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಣ್ಣೆ ತೆಗೆಯುವ ವಿಧಾನವನ್ನು ಸಿದ್ಧಪಡಿಸಿದರು. ಸರ್ಕಾರ ಕಾರ್ಖಾನೆಯನ್ನು ತೆರೆಯಿತು. ಕಚ್ಚಾ ಮರವನ್ನು ಮಾರುತ್ತಿದ್ದ ನಾಡು ಎಣ್ಣೆಯನ್ನೂ ಮುಂದೆ ಸಾಬೂನನ್ನೂ ಮಾರತೊಡಗಿತು. ಹತ್ತಿಯ ಪೇಟೆಯಾದ ಆದವಾನಿಯಲ್ಲಿ ಬೆಳೆದವರಿಗೆ ಕಚ್ಚಾ ಸರಕಿಗೂ ಸಿದ್ಧವಸ್ತುವಿಗೂ ಇರುವ ಬೆಲೆಯ ಅಂತರವನ್ನು ವಿವರಿಸಬೇಕಾಗಿಲ್ಲ.

ಆದರೆ ಅವರ ದೃಷ್ಟಿಗೂ ಒಂದು ಎಲ್ಲೆಯಿತ್ತು. ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನ ಅವಕಾಶ ಕಲ್ಪಿಸುವ ಪ್ರಶ್ನೆಯಲ್ಲಿ, ಅರ್ಹತೆಯೊಂದೇ ಮಾನದಂಡವಾಗಿರಬೇಕೆಂದು ನಂಬಿದ್ದ ಅವರಿಗೂ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಭಿನ್ನಾಭಿಪ್ರಾಯ ಉಂಟಾಯಿತು. 1918ರಲ್ಲಿ ಅವರು ದಿವಾನಗಿರಿಯನ್ನು ತ್ಯಜಿಸಿದರು. ಆದರೂ ನಾಡಿನ ಕೆಲಸವನ್ನು ಬಿಡಲಿಲ್ಲ. ನಷ್ಟದಲ್ಲಿ ತೊಳಲುತ್ತಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು 1923ರಲ್ಲಿ ಹೊತ್ತು ಅದನ್ನು ನಿಲ್ಲಿಸಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಗ್ರಂಥವನ್ನು ರಚಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು; 1962ರಲ್ಲಿ ಅವರು ಅಸ್ತಂಗತರಾದರು.

ಯಂತ್ರವನ್ನು ಕೊಂಡು ತರಬಹುದು; ಅದನ್ನು ಅರಿತು ತಿದ್ದಿಕೊಳ್ಳುವ ಜನರನ್ನು ನಾಡೇ ಬೆಳೆಸಬೇಕು. ಇದು ಅವರ ಬಾಳಿನಿಂದ ದೊರೆಯುವ ಪಾಠ. ಆ ಜನರು ಎಲ್ಲ ಕೇರಿಗಳಿಂದಲೂ ಬರಬೇಕೆಂಬುದು ಅವರ ನಿರ್ಗಮನ ನಮ್ಮ ಮುಂದಿಟ್ಟುಹೋದ ಪಾಠ.