ಮಳಖೇಡದ ಅಮೋಘವರ್ಷ: ಸಮರಕ್ಕಿಂತ ಸಖ್ಯ ನೆಚ್ಚಿದ ಸಾಮ್ರಾಟ

ರಾಜ್ಯಕ್ಕೆ ಬೇಕಾದ ಸಂಪತ್ತು ದೂರದ ಸಮುದ್ರದಲ್ಲಿದ್ದರೆ ನೆರೆಯವರೊಡನೆ ಸಮರವೋ, ಸಂಧಾನವೋ ಎಂಬ ಪ್ರಶ್ನೆ ಎಲ್ಲ ಕಾಲದ ಆಳುವವರನ್ನೂ ಕಾಡಿದೆ. ಆರ್ಕ್ಟಿಕ್ ವಲಯದ ಬ್ಯಾರೆಂಟ್ಸ್ ಸಮುದ್ರದ ಗಡಿ ಕುರಿತು ರಷ್ಯಾದೊಡನೆ ಸುಮಾರು 40 ವರ್ಷಗಳಿಂದ ಇದ್ದ ವಿವಾದವನ್ನು ನಾರ್ವೆ 2010ರಲ್ಲಿ ಒಪ್ಪಂದದಿಂದ ಬಗೆಹರಿಸಿಕೊಂಡು ತೈಲ, ಅನಿಲ ಶೋಧಕ್ಕೆ ದಾರಿ ಮಾಡಿಕೊಂಡಿತು. ಅದಕ್ಕೂ ಸಾವಿರದ ನೂರು ವರ್ಷಗಳಿಗೂ ಹಿಂದೆ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಇಂಥದೇ ಪ್ರಶ್ನೆ ಎದುರಿಸಿದ್ದ.

ತಂದೆ ಮೂರನೇ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಮರಳುತ್ತಿದ್ದಾಗ, ಕ್ರಿ.ಶ. 800ರ ಸುಮಾರಿಗೆ ಅಮೋಘವರ್ಷ ಜನಿಸಿದ. 814ರಲ್ಲಿ ಪಟ್ಟವೇರಿದಾಗ ಇನ್ನೂ ಬಾಲಕ. ಸಾಮಂತರು ದಂಗೆಯೆದ್ದು ಸಿಂಹಾಸನವೇ ಕೈತಪ್ಪಿತು. ಗುಜರಾತ್ ಶಾಖೆಯ ಬಂಧು ಕರ್ಕನ ನೆರವಿನಿಂದ 821ರ ವೇಳೆಗೆ ಅದನ್ನು ಮರಳಿ ಪಡೆದ.

ಅಧಿಕಾರ ಭದ್ರವಾದರೂ ಗಂಗರು ಮತ್ತು ವೆಂಗಿಯ ಚಾಲುಕ್ಯರೊಡನೆ ಕಾಳಗ ನಿಲ್ಲಲಿಲ್ಲ. ದಂಡನಾಯಕ ಬಂಕೇಶ ದಕ್ಷಿಣದಲ್ಲಿ ಹೋರಾಡಿದ. ದೀರ್ಘ ಹಗೆತನಕ್ಕೆ ಕೊನೆ ಹಾಡಿದ್ದು ಮಾತ್ರ ಕತ್ತಿಯಲ್ಲ. ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಅಮೋಘವರ್ಷ ಬೀಗತನ ಬೆಳೆಸಿದ.

ಒಳನಾಡಿನ ಈ ರಾಜಧಾನಿಯ ಬಲ ಪಶ್ಚಿಮ ಕರಾವಳಿಯನ್ನು ಅವಲಂಬಿಸಿತ್ತು. ಇಂದಿನ ರಾಷ್ಟ್ರಗಳಿಗೆ ತೈಲ ಹೇಗೋ, ಅಂದಿನ ಸೇನೆಗೆ ಕುದುರೆ ಹಾಗೆ. ಉತ್ತಮ ತಳಿಯ ಕುದುರೆಗಳು ಅರಬ್ ನಾಡಿನಿಂದ ಹಡಗಿನಲ್ಲಿ ಬರಬೇಕಿತ್ತು. ಹೀಗಾಗಿ ರಾಷ್ಟ್ರಕೂಟರು ಅರಬ್ ವರ್ತಕರಿಗೆ ರಕ್ಷಣೆ ನೀಡಿ ಆದರಿಸಿದರು. ಉತ್ತರದ ಗುರ್ಜರ ಪ್ರತಿಹಾರರು ಅರಬ್ಬರ ವೈರಿಗಳಾಗಿದ್ದುದರಿಂದ ಈ ಸ್ನೇಹಕ್ಕೆ ರಾಜಕೀಯ ಮಹತ್ವವೂ ಇತ್ತು. ವರ್ತಕ ಸುಲೇಮಾನನ ಹೆಸರಿನಲ್ಲಿ ಪ್ರಸಿದ್ಧವಾದ 851ರ ಅರಬ್ಬೀ ವೃತ್ತಾಂತ, ಬಾಗ್ದಾದಿನ ಖಲೀಫ, ಚೀನಾ ಮತ್ತು ರೋಮ್ ಚಕ್ರವರ್ತಿಗಳ ಸಾಲಿನಲ್ಲಿ ಬಲ್ಹರನನ್ನು, ಅಂದರೆ ರಾಷ್ಟ್ರಕೂಟ ದೊರೆಯನ್ನು, ನಾಲ್ಕನೆಯವನಾಗಿ ಹೆಸರಿಸಿದೆ.

ಈ ನೀತಿಗೆ ಬೆಲೆಯೂ ಇತ್ತು. ತಂದೆ ತುಳಿದ ಉತ್ತರದ ಹಾದಿಯನ್ನು ಮಗ ತುಳಿಯಲಿಲ್ಲ. ಅಲ್ಲಿ ಪ್ರತಿಹಾರ ಮಿಹಿರಭೋಜ ಪ್ರಬಲನಾದ. ಆದರೆ ಸುಮಾರು 64 ವರ್ಷಗಳ ಆಳ್ವಿಕೆಯಲ್ಲಿ ಮಳಖೇಡ ವಿದ್ಯಾಕೇಂದ್ರವಾಯಿತು. ಗಣಿತಜ್ಞ ಮಹಾವೀರಾಚಾರ್ಯ, ವೈಯಾಕರಣ ಶಾಕಟಾಯನ, ಜೈನಾಚಾರ್ಯ ಜಿನಸೇನರಿಗೆ ಆಶ್ರಯ ದೊರೆಯಿತು. ಕನ್ನಡದ ಉಪಲಬ್ಧ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ.

878ರ ಸುಮಾರಿಗೆ ಅಮೋಘವರ್ಷನ ಕಾಲ ಮುಗಿದರೂ ಕಡಲ ಸಖ್ಯ ಮುಗಿಯಲಿಲ್ಲ. ಮಗ ಎರಡನೇ ಕೃಷ್ಣ ಕೊಂಕಣದ ಸಂಜಾನ್ ಪ್ರದೇಶದ ಆಡಳಿತವನ್ನು ಅರಬ್ ಮೂಲದ ಅಧಿಕಾರಿಗೇ ವಹಿಸಿದ್ದನ್ನು 926ರ ಚಿಂಚಣಿ ತಾಮ್ರಶಾಸನ ತಿಳಿಸುತ್ತದೆ. ಕಾಗಿಣಾ ದಂಡೆಯಲ್ಲಿ ಇಂದು ಉಳಿದಿರುವುದು ಶಿಥಿಲ ಕೋಟೆ. ಅಲ್ಲಿಂದ ಆಳಿದವರ ದೃಷ್ಟಿ ಮಾತ್ರ ಅರಬ್ಬೀ ಸಮುದ್ರದ ಆಚೆಗೂ ಹರಿದಿತ್ತು.