ಕಾರಿನ ಧೂಳಿಗಾಗಿ ಕಾದ ಕುದ್ಮುಲ್ ರಂಗರಾವ್

ಫರಂಗಿಪೇಟೆಯಲ್ಲಿ ಬಸ್ ಹತ್ತಿ ಮಂಗಳೂರಿನ ಪುರಭವನಕ್ಕೆ ನಾನು ಎಷ್ಟೋ ಸಲ ಹೋಗಿದ್ದೇನೆ. ಸಭೆಗೆ, ನಾಟಕಕ್ಕೆ, ಪ್ರತಿಭಟನೆಗೆ. ಕಟ್ಟಡದ ಮೇಲಿನ ಕುದ್ಮುಲ್ ರಂಗರಾವ್ ಅನ್ನೋ ಹೆಸರನ್ನು ಓದಿ ಒಳಗೆ ಹೋಗುತ್ತಿದ್ದೆ, ಅಷ್ಟೇ. ಅಮೆರಿಕದ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಕತೆ ನನಗೆ ಗೊತ್ತಿತ್ತು. ಇವರದ್ದು ಗೊತ್ತಿರಲಿಲ್ಲ.

1892ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಹೋಮರ್ ಪ್ಲೆಸಿ ಎಂಬಾತ ಬಿಳಿಯರ ರೈಲು ಬೋಗಿಯಲ್ಲಿ ಕೂತು ಬಂಧನಕ್ಕೊಳಗಾದರು. ಅದೇ ವರ್ಷ ರಂಗರಾವ್ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅಲ್ಲಿ ಜನರನ್ನು ಬೇರೆ ಮಾಡಲು ಕಾನೂನು ಬೇಕಾಯ್ತು. ಇಲ್ಲಿ ಜಾತಿಯೇ ಸಾಕಾಗಿತ್ತು.

1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ರಂಗರಾವ್ ಸಾರಸ್ವತ ಬ್ರಾಹ್ಮಣ. ಮೇಷ್ಟ್ರಾಗಿದ್ದವರು ವಕೀಲರಾದರು, ಬ್ರಹ್ಮಸಮಾಜ ಸೇರಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆ, ಹಾಸ್ಟೆಲ್, ನೇಯ್ಗೆ ಕಲಿಕೆ, ಮನೆ ಕಟ್ಟಿಕೊಳ್ಳಲು ಜಾಗ, ಎಲ್ಲವೂ ಅವರ ಕೆಲಸವಾಯ್ತು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಹಿಂದೆ ಸರಿಯಲಿಲ್ಲ. ಮಗಳು ರಾಧಾಬಾಯಿ ಜಾತಿ ದಾಟಿ ಮದುವೆಯಾದದ್ದು ಪಿ. ಸುಬ್ಬರಾಯನ್ ಅವರನ್ನು. ಮುಂದೆ ಮದ್ರಾಸ್ ಪ್ರಾಂತ್ಯದ ಪ್ರೀಮಿಯರ್ ಆದವರು ಅವರೇ.

ದಲಿತರಿಗೆ ಬೇರೆ ಶಾಲೆ ಅಂದ್ರೆ ಅದೂ ಪ್ರತ್ಯೇಕತೆಯೇ ಅಲ್ವಾ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಪ್ಲೆಸಿ ಮೊಕದ್ದಮೆಯಲ್ಲಿ 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರತ್ಯೇಕತೆಯನ್ನೇ ಎತ್ತಿಹಿಡಿಯಿತು. ಆ ಪ್ರತ್ಯೇಕತೆ ಜನರನ್ನು ಹೊರಗೇ ಇಡಲು. ರಂಗರಾವ್ ಶಾಲೆ, ಬೇರೆ ಬಾಗಿಲು ಮುಚ್ಚಿದ್ದವರನ್ನು ಸರ್ಕಾರಿ ಕಚೇರಿಯೊಳಕ್ಕೆ ಕಳಿಸಲು. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಒಂದು ಕಸಿವಿಸಿ ಉಳಿಯುತ್ತದೆ: ಶಾಲೆ ತೆರೆದವರ ಹೆಸರು ಪುರಭವನದ ಮೇಲಿದೆ, ಊರಿನ ಹಗೆ ಎದುರಿಸಿ ಆ ಶಾಲೆಗೆ ನಡೆದುಬಂದ ಮೊದಲ ಮಕ್ಕಳ ಹೆಸರು ನಮ್ಮ ಬಾಯಲ್ಲಿಲ್ಲ.

ರಂಗರಾವ್‌ಗೆ ಇದು ಅರ್ಥವಾಗಿತ್ತು ಅನಿಸುತ್ತದೆ. ತಾನು ಓದಿಸಿದ ದಲಿತ ಮಗು ಸರ್ಕಾರಿ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು, ಆಗಲೇ ಬದುಕು ಸಾರ್ಥಕ ಎಂದುಕೊಂಡವರು ಅವರು. 1928ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಅಂತ್ಯಕ್ರಿಯೆ ಮಾಡಿದ್ದು ಊರು ಮುಟ್ಟಿಸಿಕೊಳ್ಳದ ಪೌರಕಾರ್ಮಿಕ ಜನ.

ಮುಂದಿನ ಸಲ ಪುರಭವನಕ್ಕೆ ಹೋದಾಗ ಹೆಸರನ್ನಷ್ಟೇ ಓದಬೇಡಿ. ವೇದಿಕೆಯ ಮೇಲೆ ಯಾರಿದ್ದಾರೆ, ಸಭೆ ಮುಗಿದ ಮೇಲೆ ಕಸ ಗುಡಿಸೋರು ಯಾರು, ನೋಡಿ. ಅವರು ತನಗೆ ಇಟ್ಟುಕೊಂಡ ಅಳತೆಗೋಲು ಅದು.